ಹಳೆ ಪತ್ರಿಕೆ, ಒಂದು ಹಿಡಿ ಮೆಂತ್ಯ: ಕಾಗದದ ಬುಟ್ಟಿ ಮಾಡುವುದು, ಹಳೆ ಮೊರ ಬಳಿಯುವುದು

ರದ್ದಿಗೆ ಹೋಗುವ ಪತ್ರಿಕೆಯನ್ನು ನೆನೆಸಿ, ರುಬ್ಬಿ, ಮೆಂತ್ಯದ ಹಿಟ್ಟು ಕಲಸಿ, ಬೋರಲು ಹಾಕಿದ ಪಾತ್ರೆಯ ಮೇಲೆ ಬಳಿದು ಒಣಗಿಸಿದರೆ ಗಟ್ಟಿಮುಟ್ಟಾದ ಬುಟ್ಟಿಯಾಗುತ್ತದೆ. ನಮ್ಮ ಊರುಗಳಲ್ಲಿ ಹಳೆ ತಲೆಮಾರಿನ ಹೆಂಗಸರು ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆಯ ಜೊತೆಜೊತೆಗೇ ಮಾಡುತ್ತಿದ್ದ ಕೆಲಸವಿದು. ಬಿದಿರಿನ ಹೊಸ ಮೊರ ಮನೆಗೆ ಬಂದರೂ ಮೊದಲು ಇದೇ ಮುದ್ದೆಯನ್ನು ಬಳಿದು ಸಂದುಗಳನ್ನು ಮುಚ್ಚಿ, ಆಮೇಲೆ ಬಳಕೆಗೆ ಇಳಿಸುತ್ತಿದ್ದರು. ಕೈಗೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇರುತ್ತದೆ. ಆದರೂ ಮೊದಲ ಸಲ ಮಾಡಿದವರ ಬುಟ್ಟಿ ಬಿರುಕು ಬಿಡುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ, ಇಲ್ಲವೇ ಪಾತ್ರೆಗೆ ಕಚ್ಚಿಕೊಂಡು ಬರುವುದೇ ಇಲ್ಲ. ಈ ಮೂರಕ್ಕೂ ಮೂಲ ಒಂದೇ: ನೀರು. ಮುದ್ದೆಯಲ್ಲಿ ಎಷ್ಟು ನೀರು ಉಳಿಯಿತು, ಅದು ಎಷ್ಟು ನಿಧಾನವಾಗಿ, ಯಾವ ಕಡೆಯಿಂದ ಹೊರಗೆ ಹೋಯಿತು ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಗೆದ್ದಂತೆ. ಮುಂದಿನ ಅಳತೆಗಳೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿವೆ.

ಯಾವ ಕಾಗದ

ಎಲ್ಲ ಕಾಗದವೂ ಒಂದೇ ಅಲ್ಲ. ಪತ್ರಿಕೆಯ ಕಾಗದ ಬೇಗ ನೆನೆಯುತ್ತದೆ, ಬೇಗ ನುಣ್ಣಗಾಗುತ್ತದೆ. ಆದರೆ ಅದರ ನಾರು ಗಿಡ್ಡ. ಮರವನ್ನು ಯಂತ್ರದಲ್ಲಿ ಅರೆದು ಮಾಡುವ ತಿರುಳು ಅದು, ಎಷ್ಟೋ ಸಲ ಮರುಬಳಕೆಯದೂ ಆಗಿರುತ್ತದೆ. ಹೀಗಾಗಿ ಬರೀ ಪತ್ರಿಕೆಯಿಂದ ಮಾಡಿದ ಬುಟ್ಟಿಯ ಅಂಚು ಬಿಸ್ಕತ್ತಿನಂತೆ ಮುರಿಯುತ್ತದೆ. ಕಂದು ಬಣ್ಣದ ರಟ್ಟಿನ ಪೆಟ್ಟಿಗೆಯ ನಾರು ಉದ್ದ, ಗಟ್ಟಿ. ಮಕ್ಕಳ ಹಳೆ ನೋಟ್‌ಬುಕ್ಕಿನ ಹಾಳೆ ಇವೆರಡರ ನಡುವಿನದು. ಮೂರು ಪಾಲು ಪತ್ರಿಕೆಗೆ ಒಂದು ಪಾಲು ರಟ್ಟು ಅಥವಾ ನೋಟ್‌ಬುಕ್ ಹಾಳೆ ಸೇರಿಸುವುದು ಒಳ್ಳೆಯ ಹದ. ಮೊಟ್ಟೆ ಇಡುವ ಕಾಗದದ ಟ್ರೇ ಸಿಕ್ಕರೆ ಇನ್ನೂ ಸುಲಭ, ಅದು ಮೊದಲೇ ಮುದ್ದೆಯಿಂದ ಮಾಡಿದ್ದಾದ್ದರಿಂದ ಕೆಲವೇ ಗಂಟೆಯಲ್ಲಿ ಕರಗುತ್ತದೆ.

ಹೊಳಪಿನ ವಾರಪತ್ರಿಕೆ, ಮದುವೆ ಕರೆಯೋಲೆ, ಜಾಹೀರಾತಿನ ನುಣುಪು ಹಾಳೆಗಳನ್ನು ಬದಿಗಿಡಿ. ಅವುಗಳ ಮೇಲೆ ಬಿಳಿ ಜೇಡಿಯ ಲೇಪ ಇರುತ್ತದೆ. ನೆನೆಸಿದಾಗ ಅದು ನೀರಿಗೆ ಬಿಟ್ಟುಕೊಂಡು ನಾರು ನಾರಿಗೆ ಬೆಸೆಯದಂತೆ ತಡೆಯುತ್ತದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಪೆಟ್ಟಿಗೆ, ಅಂಗಡಿಯ ಬಿಲ್ಲಿನ ನುಣ್ಣನೆಯ ಕಾಗದವೂ ಬೇಡ. ರಟ್ಟಿನ ಪೆಟ್ಟಿಗೆಗೆ ಅಂಟಿಸಿದ ಟೇಪು, ನೋಟ್‌ಬುಕ್ಕಿನ ಪಿನ್ನು ತಪ್ಪದೆ ತೆಗೆಯಿರಿ. ಪಿನ್ನು ರುಬ್ಬುವಾಗ ಕೈಗೆ ಚುಚ್ಚುತ್ತದೆ. ಉಳಿದುಹೋದರೆ ತುಕ್ಕು ಹಿಡಿದು ಬುಟ್ಟಿಯ ಮೇಲೆ ಕಂದು ಚುಕ್ಕೆಯಾಗಿ ಏಳುತ್ತದೆ.

ಒಂದು ಬುಟ್ಟಿಗೆ ಬೇಕಾಗುವುದು

ಬಾಯಿ 20 ಸೆಂ.ಮೀ., ಎತ್ತರ 12 ಸೆಂ.ಮೀ. ಇರುವ ಸ್ಟೀಲ್ ಬೋಗುಣಿಯನ್ನು ಅಚ್ಚಾಗಿ ಇಟ್ಟುಕೊಂಡರೆ ಈ ಅಳತೆ ಸಾಕು:

- ಒಣ ಕಾಗದ 250 ಗ್ರಾಂ (ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಬರೀ ಪತ್ರಿಕೆಯಾದರೆ ನಾಲ್ಕು ಪುಟದ ದೊಡ್ಡ ಹಾಳೆ ಸುಮಾರು 15)
- ಮೆಂತ್ಯ 60 ಗ್ರಾಂ, ಅಂದರೆ ಐದು ದೊಡ್ಡ ಚಮಚ
- ಅರಿಶಿನ ಒಂದು ಚಮಚ
- ಮುಲ್ತಾನಿ ಮಿಟ್ಟಿ ಎರಡು ಚಮಚ (ಇಲ್ಲದಿದ್ದರೂ ನಡೆಯುತ್ತದೆ)
- ಅಚ್ಚಿಗೆ ಹೊದಿಸಲು ತೆಳು ಪ್ಲಾಸ್ಟಿಕ್ ಕವರ್ ಅಥವಾ ಹಳೆ ಪಂಚೆಯ ತುಂಡು
- ಎರಡು ಬಕೆಟ್ಟು, ಹಿಂಡಲು ಗಟ್ಟಿ ಬಟ್ಟೆ

ಮೆಂತ್ಯ ಇಲ್ಲಿ ಅಂಟು. ನೆನೆದ ಮೆಂತ್ಯ ಲೋಳೆ ಬಿಡುವುದು ಅದರಲ್ಲಿರುವ ಗ್ಯಾಲಕ್ಟೊಮನ್ನಾನ್ ಎಂಬ ವಸ್ತುವಿನಿಂದ. ಗೋರಿಕಾಯಿ ಬೀಜದ ಗೋಂದೂ ಇದೇ ಜಾತಿಯದು. ಅದು ನಾರುಗಳ ನಡುವೆ ತೆಳುವಾಗಿ ಹರಡಿ, ಒಣಗಿದಾಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಹಿಯಾದ್ದರಿಂದ ಹುಳ ಬೇಗ ಬಾಯಿ ಹಾಕುವುದಿಲ್ಲ ಎಂಬ ಲಾಭವೂ ಉಂಟು. ಮೆಂತ್ಯ ಜಾಸ್ತಿಯಾದರೆ ಬುಟ್ಟಿ ಇನ್ನೂ ಗಟ್ಟಿಯಾಗುತ್ತದೆ ಎಂದುಕೊಂಡು ಎರಡು ಪಟ್ಟು ಹಾಕಬೇಡಿ. ಲೋಳೆ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ತಡವಾಗುತ್ತದೆ, ಒಣಗುವಾಗ ಕುಗ್ಗುವುದೂ ಹೆಚ್ಚು. ಕಾಗದದ ತೂಕದ ಕಾಲು ಭಾಗ ಎಂಬ ಲೆಕ್ಕ ಬುಟ್ಟಿಗೆ ಸರಿ.

ಮೆಂತ್ಯದ ಬದಲು ಹುಣಸೆ ಬೀಜವೂ ಆದೀತು. ಬೀಜ ಹುರಿದು, ಕೆಂಪು ಸಿಪ್ಪೆ ಕುಟ್ಟಿ ತೆಗೆದು, ರಾತ್ರಿಯಿಡೀ ನೆನೆಸಿ ನುಣ್ಣಗೆ ರುಬ್ಬಿ, ನೀರು ಸೇರಿಸಿ ಗಂಜಿಯಂತೆ ಕಾಯಿಸಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಬಣ್ಣದ ಮರದ ಗೊಂಬೆ ಮಾಡುವ ಚಿತ್ರಗಾರರು ಹುಣಸೆ ಬೀಜದ ಅಂಟಿಗೆ ನೆನೆಸಿ ಪುಡಿ ಮಾಡಿದ ಗೋಣಿನಾರನ್ನು ಕಲಸಿ ‘ಕಿಟ್ಟ’ ಮಾಡಿಕೊಳ್ಳುತ್ತಾರೆ. ಗೊಂಬೆಯ ಮೈ ತಿದ್ದುವುದು ಅದರಿಂದಲೇ. ಅದರಿಂದ ನಾವು ಕಲಿಯಬೇಕಾದ್ದು ನಾರಿನ ಉಪಯೋಗ. ಹಳೆ ಗೋಣಿಚೀಲದ ಒಂದು ಹಿಡಿ ನಾರನ್ನು ಒಂದು ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಮುದ್ದೆಗೆ ಕಲಸಿದರೆ ಗಿಡ್ಡ ನಾರಿನ ಪತ್ರಿಕೆಗೆ ಬೆನ್ನೆಲುಬು ಬಂದಂತಾಗುತ್ತದೆ, ಬಿರುಕು ಗಣನೀಯವಾಗಿ ತಗ್ಗುತ್ತದೆ. ದೊಡ್ಡ ಬುಟ್ಟಿ ಮಾಡುವವರು ಇದನ್ನು ಬಿಡಬಾರದು.

ನೆನೆಸುವುದು, ರುಬ್ಬುವುದು

ಕಾಗದವನ್ನು ಕತ್ತರಿಸಬೇಡಿ, ಹರಿಯಿರಿ. ಕತ್ತರಿ ನಾರನ್ನು ತುಂಡು ಮಾಡುತ್ತದೆ. ಕೈಯಿಂದ ಹರಿದಾಗ ನಾರು ಎಳೆದುಕೊಂಡು ಬಂದು ಅಂಚಿನಲ್ಲಿ ಜೂಲಿನಂತೆ ನಿಲ್ಲುತ್ತದೆ, ಅಲ್ಲಿಂದಲೇ ನೀರು ಒಳಗೆ ಹೋಗುವುದು. ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು. ಯಂತ್ರದಲ್ಲಿ ಕಾಗದ ಓಡಿದ ದಿಕ್ಕಿಗೇ ನಾರು ಮಲಗಿರುವುದು ಇದಕ್ಕೆ ಕಾರಣ. ಮೊದಲು ಉದ್ದ ಪಟ್ಟಿಗಳಾಗಿ, ಆಮೇಲೆ ಪಟ್ಟಿಗಳ ಕಟ್ಟು ಹಿಡಿದು ಎರಡು ಮೂರು ಸೆಂ.ಮೀ. ಚೂರುಗಳಾಗಿ ಹರಿದರೆ ಬೇಗ ಮುಗಿಯುತ್ತದೆ.

ಚೂರುಗಳ ಮೇಲೆ ಕುದಿಯುವ ನೀರು ಸುರಿದು, ಮುಳುಗುವಷ್ಟಿರುವಂತೆ ನೋಡಿ, ಒಂದು ದಿನ ಬಿಡಿ. ರಟ್ಟು ಇದ್ದರೆ ಎರಡು ದಿನ. ದಿನಕ್ಕೊಮ್ಮೆ ನೀರು ಬದಲಿಸಿ. ಶಾಯಿಯ ಕಪ್ಪು ಸ್ವಲ್ಪ ಹೋಗುತ್ತದೆ, ಮುಖ್ಯವಾಗಿ ಹುಳಿ ವಾಸನೆ ಬರುವುದಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ ನೀರು ಬದಲಿಸದೆ ಮೂರು ದಿನ ಬಿಟ್ಟರೆ ಮುದ್ದೆ ನಾರುತ್ತದೆ, ಆ ವಾಸನೆ ಒಣಗಿದ ಮೇಲೂ ಉಳಿಯುತ್ತದೆ. ಅವಸರವಿದ್ದರೆ ಹಳೆ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ.

ಇದೇ ಹೊತ್ತಿನಲ್ಲಿ ಮೆಂತ್ಯವನ್ನು ಬೇರೆ ಪಾತ್ರೆಯಲ್ಲಿ ಎರಡು ಲೋಟ ನೀರು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಅದೇ ನೀರನ್ನು ಸ್ವಲ್ಪಸ್ವಲ್ಪ ಹಾಕಿಕೊಂಡು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ. ಮೆಂತ್ಯ ರುಬ್ಬುವಾಗ ಉಬ್ಬಿ ನೊರೆಯಾಗುತ್ತದೆ. ಹತ್ತು ನಿಮಿಷ ಬಿಟ್ಟು ನೊರೆ ಇಳಿದ ಮೇಲೆ ಬಳಸಿ, ಇಲ್ಲದಿದ್ದರೆ ಬುಟ್ಟಿಯ ಮೈಯಲ್ಲಿ ಸೂಜಿಮೊನೆಯ ತೂತುಗಳು ಉಳಿಯುತ್ತವೆ.

ಕಾಗದ ರುಬ್ಬಲು ಒರಳುಕಲ್ಲೇ ಶ್ರೇಷ್ಠ. ಕಲ್ಲು ನಾರನ್ನು ಜಜ್ಜಿ ಬಿಡಿಸುತ್ತದೆ. ಮಿಕ್ಸಿಯ ಅಲಗು ಕತ್ತರಿಸುತ್ತದೆ. ಮಿಕ್ಸಿಯೇ ಗತಿಯಾದರೆ ಅಡಿಗೆಗೆ ಬಳಸದ ಹಳೆ ಜಾರ್ ಇಟ್ಟುಕೊಳ್ಳಿ. ಶಾಯಿ ತಾಗಿದ ಜಾರಿನಲ್ಲಿ ಮತ್ತೆ ಚಟ್ನಿ ಬೇಡ. ಒಂದು ಹಿಡಿ ಕಾಗದಕ್ಕೆ ಜಾರಿನ ಮುಕ್ಕಾಲು ಭಾಗ ನೀರು. ಹತ್ತು ಸೆಕೆಂಡಿನಂತೆ ಮೂರು ಸಲ ತಿರುಗಿಸಿ ನಿಲ್ಲಿಸಿ. ನೀರು ಕಡಿಮೆಯಾದರೆ ಮೋಟಾರು ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಒಂದು ಚಮಚ ಮುದ್ದೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ನೋಡಿ. ಅಕ್ಷರವಿರುವ ಚೂರು ತೇಲಿದರೆ ಇನ್ನಷ್ಟು ರುಬ್ಬಬೇಕು. ಮೋಡದಂತೆ ಹರಡಿಕೊಂಡರೆ ಸಾಕು.

ಹಿಂಡುವುದು: ಇಲ್ಲಿ ಅವಸರ ಬೇಡ

ಮುದ್ದೆಯನ್ನು ಬಟ್ಟೆಗೆ ಸುರಿದು ಗಂಟು ಕಟ್ಟಿ ಚೆನ್ನಾಗಿ ತಿರುಚಿ ಹಿಂಡಿ. ಹೊರಬಂದ ನೀರನ್ನು ಸಿಂಕಿಗೆ ಸುರಿಯಬೇಡಿ. ಅದರಲ್ಲಿ ತೇಲುವ ನಾರು ಪೈಪಿನ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿ ಅಂಗಳಕ್ಕೆ ಚೆಲ್ಲಿ.

ಎಷ್ಟು ಹಿಂಡಬೇಕು? ತಕ್ಕಡಿ ಹೇಳುತ್ತದೆ. 250 ಗ್ರಾಂ ಒಣ ಕಾಗದದ ಮುದ್ದೆ ಹಿಂಡಿದ ಮೇಲೆ 750ರಿಂದ 850 ಗ್ರಾಂ ತೂಗಬೇಕು. ಒಂದು ಕಿಲೋ ದಾಟಿದರೆ ಇನ್ನೂ ಹಿಂಡಿ. ತಕ್ಕಡಿ ಇಲ್ಲದವರು ಉಂಡೆ ಕಟ್ಟಿ ನೋಡಿ: ಉಂಡೆ ಒಡೆಯಬಾರದು, ಒತ್ತಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿಗಿಂತ ಹೆಚ್ಚು ಇಳಿಯಬಾರದು. ಈ ಹಂತದಲ್ಲಿ ಉಳಿಸಿಕೊಂಡ ಪ್ರತಿ ಲೋಟ ನೀರೂ ಬಿಸಿಲಿನಲ್ಲಿ ಒಂದು ದಿನ ಕೇಳುತ್ತದೆ, ಹೋಗುವಾಗ ಬುಟ್ಟಿಯನ್ನು ಕುಗ್ಗಿಸಿ ಹೋಗುತ್ತದೆ. ತೀರಾ ಒಣಗುವಷ್ಟು ಹಿಂಡಿದರೂ ತಪ್ಪೇ. ಮುದ್ದೆ ಪುಡಿಪುಡಿಯಾಗಿ ಒಂದಕ್ಕೊಂದು ಹಿಡಿಯುವುದಿಲ್ಲ.

ಹಿಂಡಿದ ಉಂಡೆಯನ್ನು ಬೆರಳುಗಳಿಂದ ಪೂರ್ತಿ ಬಿಡಿಸಿ, ಮೆಂತ್ಯದ ಹಿಟ್ಟು, ಅರಿಶಿನ, ಮುಲ್ತಾನಿ ಮಿಟ್ಟಿ ಹಾಕಿ ಚಪಾತಿ ಹಿಟ್ಟಿನಂತೆ ಹದಿನೈದು ನಿಮಿಷ ನಾದಿ. ನಾದಿದಷ್ಟೂ ಒಳ್ಳೆಯದು. ಮುಗಿದಾಗ ಮುದ್ದೆ ಪಾತ್ರೆಯ ಬದಿ ಬಿಟ್ಟು ಒಂದಾಗಿ ಬರಬೇಕು, ಒಡೆದು ನೋಡಿದರೆ ಬಿಳಿ ಗಂಟು ಕಾಣಬಾರದು. ಗಂಟು ಉಳಿದ ಕಡೆ ಅಂಟು ಹೋಗಿರುವುದಿಲ್ಲ. ಒಣಗಿದ ಮೇಲೆ ಅದು ಕಳಚಿ ಬೀಳುತ್ತದೆ.

ಅಚ್ಚು ಮತ್ತು ಬಳಿಯುವ ಬಗೆ

ಅಚ್ಚಿನ ಪಾತ್ರೆ ಬಾಯಿಯ ಕಡೆ ಅಗಲ, ತಳದ ಕಡೆ ಕಿರಿದು ಇರಬೇಕು. ಹೊಟ್ಟೆ ದಪ್ಪ, ಕಂಠ ಸಣ್ಣ ಇರುವ ಬಿಂದಿಗೆಯ ಮೇಲೆ ಬಳಿದರೆ ತೆಗೆಯಲಾಗದು. ಅಂಥ ಆಕಾರವೇ ಬೇಕಿದ್ದರೆ ಕಾಶ್ಮೀರದ ಕಾಗದದ ಕುಶಲಕರ್ಮಿಗಳ ದಾರಿ ಹಿಡಿಯಬೇಕು. ಅವರು ಅಚ್ಚಿನ ಮೇಲೆ ಒಣಗಿದ ಚಿಪ್ಪನ್ನು ಗರಗಸದಿಂದ ಎರಡು ಹೋಳು ಮಾಡಿ ಬಿಡಿಸಿ, ಮತ್ತೆ ಅಂಟಿಸುತ್ತಾರೆ. ಮೊದಲ ಬುಟ್ಟಿಗೆ ಅದರ ಗೋಜು ಬೇಡ. ಬೋಗುಣಿ, ಪ್ಲಾಸ್ಟಿಕ್ ಟಬ್ಬು, ಒಡೆದ ಬಕೆಟ್ಟಿನ ತಳ, ಹಳೆ ಕುಕ್ಕರಿನ ಪಾತ್ರೆ ಯಾವುದಾದರೂ ಸರಿ.

ಪಾತ್ರೆಯನ್ನು ಬೋರಲು ಹಾಕಿ ಹೊರಮೈಗೆ ಪ್ಲಾಸ್ಟಿಕ್ ಕವರ್ ಹೊದಿಸಿ, ಅಂಚನ್ನು ಒಳಕ್ಕೆ ಮಡಚಿ ಟೇಪು ಹಾಕಿ. ಕವರಿನ ಸುಕ್ಕು ಬುಟ್ಟಿಯ ಒಳಮೈಯಲ್ಲಿ ಮೂಡುತ್ತದೆ. ಅದು ಬೇಡವಾದರೆ ಒದ್ದೆ ಪಂಚೆ ಬಟ್ಟೆ ಹೊದಿಸಿ, ನೇಯ್ಗೆಯ ಗುರುತು ಮೂಡಿ ಚೆಂದ ಕಾಣುತ್ತದೆ. ಬರೀ ಎಣ್ಣೆ ಸವರಿ ಬಳಿಯುವವರೂ ಇದ್ದಾರೆ, ಆದರೆ ಎಣ್ಣೆ ಹೀರಿಕೊಂಡ ಮೈಗೆ ಆಮೇಲೆ ಬಣ್ಣ ಹಿಡಿಯುವುದಿಲ್ಲ.

ಪಾತ್ರೆಯ ಒಳಗೇ ಯಾಕೆ ಬಳಿಯಬಾರದು ಎಂದು ಕೇಳಬಹುದು. ಬಳಿಯಬಹುದು, ಒಣಗಿ ಕುಗ್ಗಿದಾಗ ತಾನಾಗಿ ಬಿಟ್ಟುಕೊಳ್ಳುತ್ತದೆ ಕೂಡ. ಆದರೆ ಒದ್ದೆ ಮುದ್ದೆ ಬದಿಯಿಂದ ಜಾರಿ ತಳದಲ್ಲಿ ಕೂರುತ್ತದೆ, ಗಾಳಿ ಒಂದೇ ಕಡೆಯಿಂದ ಆಡುವುದರಿಂದ ತಳ ಒಣಗುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ. ಆಳವಿಲ್ಲದ ತಟ್ಟೆಗೆ ಮಾತ್ರ ಒಳಬಳಿತ ಸರಿ.

ನಿಂಬೆ ಗಾತ್ರದ ಉಂಡೆಗಳನ್ನು ಅಕ್ಕಿರೊಟ್ಟಿ ತಟ್ಟುವಂತೆ ಅಂಗೈಯಲ್ಲಿ ತಟ್ಟಿ ಅಚ್ಚಿನ ಮೇಲಿಡಿ. ಪಾತ್ರೆಯ ಬಾಯಿಯ ಕಡೆಯಿಂದ, ಅಂದರೆ ಕೆಳಗಿನಿಂದ ಶುರುಮಾಡಿ ಸುತ್ತಲೂ ಏರುತ್ತಾ ಹೋಗಿ. ಒಂದರ ಅಂಚು ಇನ್ನೊಂದರ ಮೇಲೆ ಒಂದು ಸೆಂ.ಮೀ. ಹತ್ತಿರಬೇಕು, ಪಕ್ಕಪಕ್ಕದಲ್ಲಿಟ್ಟು ಬರೀ ಸವರಿದರೆ ಒಣಗುವಾಗ ಸರಿಯಾಗಿ ಆ ಗೆರೆಯಲ್ಲೇ ಬಿರಿಯುತ್ತದೆ. ದಪ್ಪ ಎಲ್ಲ ಕಡೆ ಒಂದು ಸೆಂ.ಮೀ., ಬಾಯಂಚಿಗೆ ಮಾತ್ರ ಒಂದೂವರೆ. ಊದುಬತ್ತಿಯ ಕಡ್ಡಿಗೆ ಒಂದು ಸೆಂ.ಮೀ.ಗೆ ಗುರುತು ಹಾಕಿ ಅಲ್ಲಲ್ಲಿ ಚುಚ್ಚಿ ನೋಡಿ. ದಪ್ಪ ಒಂದೇ ಸಮ ಇಲ್ಲದಿದ್ದರೆ ತೆಳುವಾದ ಜಾಗ ಮೊದಲು ಒಣಗಿ ಕುಗ್ಗಿ, ಇನ್ನೂ ಒದ್ದೆಯಿರುವ ದಪ್ಪ ಜಾಗವನ್ನು ಎಳೆಯುತ್ತದೆ.

ಪೂರ್ತಿ ಬಳಿದ ಮೇಲೆ ಅಂಗೈ ನೀರಿಗೆ ಅದ್ದಿ ಒಮ್ಮೆ ಸವರಿ, ಅರ್ಧ ಗಂಟೆ ಬಿಟ್ಟು ಚಮಚದ ಬೆನ್ನಿನಿಂದ ಒತ್ತಿ ತಿಕ್ಕಿ. ಹೀಗೆ ಒತ್ತಿದಾಗ ನಾರು ಬಿಗಿಯಾಗಿ ಕೂರುತ್ತದೆ. ಕೊನೆಯಲ್ಲಿ ಸ್ಯಾಂಡ್‌ಪೇಪರ್ ತಿಕ್ಕುವ ಶ್ರಮ ಎಷ್ಟೋ ಉಳಿಯುತ್ತದೆ.

ಒಣಗಿಸುವುದು

ಮೊದಲ ದಿನ ನೆರಳು, ಗಾಳಿ. ಎರಡನೆಯ ದಿನದಿಂದ ಬಿಸಿಲು. ಮೊದಲೇ ಸುಡುಬಿಸಿಲಿಗಿಟ್ಟರೆ ಹೊರಪದರ ಒಣಗಿ ಬಿಗಿಯುತ್ತದೆ, ಒಳಗೆ ನೀರು ಹಾಗೇ ಇರುತ್ತದೆ, ಬಿರುಕು ಬರುವುದು ಆಗಲೇ. ರಾಯಚೂರು, ಕಲಬುರಗಿಯ ಕಡೆಯ ಬೇಸಿಗೆಯಲ್ಲಿ ನೆರಳಿನಲ್ಲೂ ಹೀಗಾಗುವುದುಂಟು. ಮೊದಲ ಐದಾರು ಗಂಟೆ ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿಡಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುದ್ದೆಯ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಫ್ಯಾನಿನಡಿ ಇಟ್ಟರೂ ಮೂರನೆಯ ದಿನಕ್ಕೆ ಹಸಿರು ಬೂಷ್ಟು ಕಾಣಿಸುತ್ತದೆ. ಆ ತಿಂಗಳುಗಳಲ್ಲಿ ಮುಂದೆ ಹೇಳುವ ಪಟ್ಟಿ ಅಂಟಿಸುವ ಕೆಲಸ ಮಾಡಿಕೊಳ್ಳಬಹುದು.

ಅಚ್ಚಿನಿಂದ ಬಿಡಿಸುವ ಹೊತ್ತು ಬಹಳ ಮುಖ್ಯ. ಪೂರ್ತಿ ಒಣಗುವವರೆಗೆ ಕಾಯಬಾರದು. ಕಾಗದ ಕುಗ್ಗುತ್ತದೆ, ಸ್ಟೀಲು ಕುಗ್ಗುವುದಿಲ್ಲ. ಬುಟ್ಟಿ ಪಾತ್ರೆಯನ್ನು ಅಪ್ಪಿ ಹಿಡಿಯುತ್ತದೆ, ಇಲ್ಲವೇ ಸೀಳುತ್ತದೆ. ಹಪ್ಪಳ ಬಟ್ಟೆಯಿಂದ ಎಬ್ಬಿಸುವ ಹದ ಬಲ್ಲವರಿಗೆ ಇದು ಸುಲಭ: ಮುಟ್ಟಿದರೆ ಕೈಗೆ ಅಂಟಬಾರದು, ಒತ್ತಿದರೆ ಚರ್ಮದಂತೆ ಸ್ವಲ್ಪ ಬಾಗಬೇಕು, ಮುಟ್ಟಿದಾಗ ಇನ್ನೂ ತಣ್ಣಗಿರಬೇಕು. ಒಳ್ಳೆ ಬಿಸಿಲಿದ್ದರೆ ಎರಡನೆಯ ದಿನದ ಸಂಜೆಗೆ ಈ ಹದ ಬರುತ್ತದೆ. ಪಾತ್ರೆಯ ಅಂಚಿನ ಸುತ್ತ ಮೊಂಡ ಚಾಕು ಆಡಿಸಿ, ತಿರುಗಿಸಿ, ಕವರ್ ಸಮೇತ ಎಳೆಯಿರಿ. ಕವರ್ ಸುಲಿದು, ಬುಟ್ಟಿಯನ್ನು ಬೆಳಿಗ್ಗೆ ಬೋರಲು, ಮಧ್ಯಾಹ್ನ ಮೇಲ್ಮುಖವಾಗಿ ಇಟ್ಟು ಇನ್ನೂ ಮೂರು ನಾಲ್ಕು ದಿನ ಒಣಗಿಸಿ. ಬಾಯಿ ಸೊಟ್ಟಗಾಗುತ್ತಿದೆ ಎನ್ನಿಸಿದರೆ ಅದೇ ಅಳತೆಯ ತಟ್ಟೆಯ ಮೇಲೆ ಬೋರಲು ಹಾಕಿ ತೂಕವಿಡಿ.

ಒಣಗಿತೆಂದು ತಿಳಿಯುವುದು ಕಣ್ಣಿಂದಲ್ಲ. ಪ್ರತಿ ಸಂಜೆ ತೂಗಿ ಬರೆದಿಡಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ನಮ್ಮ ಅಳತೆಯ ಬುಟ್ಟಿ ಕೊನೆಗೆ 300 ಗ್ರಾಂ ಆಸುಪಾಸು ನಿಲ್ಲುತ್ತದೆ. ದಪ್ಪ ಏಳೆಂಟು ಮಿ.ಮೀ.ಗೆ ಇಳಿದಿರುತ್ತದೆ. ಬೆರಳಿನಿಂದ ತಟ್ಟಿದರೆ ಒಣ ಸೋರೆಬುರುಡೆಯಂತೆ ಟಕಟಕ ಸದ್ದು ಬರಬೇಕು.

ಕೂದಲೆಳೆಯ ಬಿರುಕು ಬಂದಿದ್ದರೆ ಎಸೆಯಬೇಡಿ. ಎತ್ತಿಟ್ಟ ಒಂದು ಉಂಡೆ ಮುದ್ದೆಗೆ ಇನ್ನಷ್ಟು ಮೆಂತ್ಯದ ಹಿಟ್ಟು ಕಲಸಿ, ಬಿರುಕಿನ ಎರಡೂ ಅಂಚನ್ನು ಒದ್ದೆ ಮಾಡಿ ತುಂಬಿ ಒತ್ತಿ. ಒಣ ಅಂಚಿಗೆ ಒದ್ದೆ ಮುದ್ದೆ ಇಟ್ಟರೆ ಅದರ ನೀರನ್ನು ಹಳೆ ಕಾಗದ ಹೀರಿಕೊಂಡು ತೇಪೆ ಸಡಿಲವಾಗುತ್ತದೆ. ಬೂಷ್ಟು ಬಂದದ್ದು ಮೇಲ್ಮೈಗಷ್ಟೇ ಆದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬ್ರಷ್ಷಿನಿಂದ ಉಜ್ಜಿ, ವಿನೆಗರ್ ಸವರಿ ಬಿಸಿಲಿಗಿಡಿ. ಮುರಿದು ನೋಡಿದಾಗ ಒಳಗೂ ಕಪ್ಪಾಗಿದ್ದರೆ ಗೊಬ್ಬರದ ಗುಂಡಿಗೆ ಹಾಕುವುದೇ ಸರಿ.

ಹಳೆ ಮೊರಕ್ಕೆ ಲೇಪ

ಗೌರಿ ಹಬ್ಬದ ಬಾಗಿನದಲ್ಲಿ ಬಂದ ಮೊರಗಳು ಹಲವು ಮನೆಗಳ ಅಟ್ಟದಲ್ಲಿ ಜೋಡಿಜೋಡಿಯಾಗಿ ಕೂತಿರುತ್ತವೆ. ಬಿದಿರಿನ ಸಂದು ಬಿಟ್ಟ, ಅಂಚು ಕಿತ್ತ ಮೊರ, ಮಲೆನಾಡಿನವರ ಗೆರಸಿಗೂ ಇದೇ ಉಪಚಾರ.

ಮೊದಲು ಒಣ ಬ್ರಷ್ಷಿನಿಂದ ಧೂಳು ತೆಗೆದು, ತೊಳೆದು, ಒಂದು ದಿನ ಬಿಸಿಲಿಗಿಡಿ. ಸಣ್ಣ ತೂತುಗಳಿಂದ ಹಳದಿ ಪುಡಿ ಉದುರುತ್ತಿದ್ದರೆ ಬಿದಿರಿಗೆ ಹುಳ ಬಿದ್ದಿದೆ. ಅಂಥದನ್ನು ಬಳಿದು ಮುಚ್ಚಿದರೂ ಒಳಗಿಂದ ತಿನ್ನುತ್ತಲೇ ಇರುತ್ತದೆ. ಕಿತ್ತ ಅಂಚನ್ನು ಗೋಣಿ ದಾರದಿಂದ ಬಿಗಿದು ಹೊಲಿಯಿರಿ. ಮುದ್ದೆ ಅಂಚನ್ನು ಹಿಡಿದಿಡಲಾರದು, ಆ ಕೆಲಸ ದಾರದ್ದೇ.

ಮೊರದ ಲೇಪಕ್ಕೆ ಕಾಗದ 100 ಗ್ರಾಂ, ಮೆಂತ್ಯ 50 ಗ್ರಾಂ. ಬುಟ್ಟಿಗಿಂತ ಮೆಂತ್ಯ ಹೆಚ್ಚು ಬೇಕು, ಯಾಕೆಂದರೆ ಲೇಪ ಬರೀ ಎರಡು ಮೂರು ಮಿ.ಮೀ., ನುಣುಪು ಬಿದಿರಿಗೆ ಕಚ್ಚಿಕೊಳ್ಳಬೇಕು. ಮುದ್ದೆ ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ ಇರಲಿ. ಮೊರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಮೈಗೆ ಹಚ್ಚಿ ಹೆಬ್ಬೆರಳಿನಿಂದ ಸಂದುಗಳಿಗೆ ಒತ್ತಿ, ಮಗುಚಿ ಹೊರಮೈಗೂ ಅದೇ ದಿನ ಹಚ್ಚಿ. ಒಂದೇ ಮೈಗೆ ಹಚ್ಚಿ ಒಣಗಲು ಬಿಟ್ಟರೆ ಕುಗ್ಗುವ ಲೇಪ ಬಿದಿರನ್ನೂ ಎಳೆದು ಮೊರ ಸುರುಳಿಕೊಳ್ಳುತ್ತದೆ. ಎರಡು ಇಟ್ಟಿಗೆಯ ಮೇಲೆ ಆನಿಸಿ, ಎರಡೂ ಕಡೆ ಗಾಳಿಯಾಡುವಂತೆ ಒಣಗಿಸಿ. ಮರುದಿನ ಬರೀ ಮೆಂತ್ಯದ ಹಿಟ್ಟನ್ನು ತೆಳುವಾಗಿ ಸವರಿ ನಯ ಮಾಡಿದರೆ ಮುಗಿಯಿತು.

ಒಂದು ಎಚ್ಚರಿಕೆ. ಹಿಂದೆ ಕೈಗೆ ಸಿಕ್ಕ ಕಾಗದವನ್ನೇ ಬಳಿಯುತ್ತಿದ್ದರು, ನಿಜ. ಆದರೆ ಅಚ್ಚಿನ ಶಾಯಿ ಆಹಾರಕ್ಕೆ ತಾಗುವುದು ಒಳ್ಳೆಯದಲ್ಲ. ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಸೂಚಿಸಿದೆ. ಅಕ್ಕಿ, ಬೇಳೆ ಕೇರುವ ಮೊರಕ್ಕೆ ಅಚ್ಚಿಲ್ಲದ ಕಂದು ಕಾಗದ ಅಥವಾ ಖಾಲಿ ಬಿಳಿ ಹಾಳೆ ಮಾತ್ರ ಬಳಸಿ. ಪತ್ರಿಕೆಯಿಂದ ಮಾಡಿದ ಬುಟ್ಟಿಯಲ್ಲಿ ಬೀಗದ ಕೈ, ದಾರದ ಉಂಡೆ, ಬಟ್ಟೆ ಕ್ಲಿಪ್ಪು ಇಡಿ. ಈರುಳ್ಳಿ, ಬೆಳ್ಳುಳ್ಳಿ ಇಡುವುದಾದರೆ ಒಳಗೊಂದು ಬಟ್ಟೆ ಹಾಸಿ.

ಡಬ್ಬಕ್ಕೆ ಮುದ್ದೆಯಲ್ಲ, ಪಟ್ಟಿ

ಹಾಲಿನ ಪುಡಿಯ ತಗಡಿನ ಡಬ್ಬ, ಗಾಜಿನ ಬಾಟಲಿ, ಬಿರುಕುಬಿಟ್ಟ ಪ್ಲಾಸ್ಟಿಕ್ ಡಬ್ಬಕ್ಕೆ ಮುದ್ದೆ ಬಳಿದು ಹೊಸ ರೂಪ ಕೊಡಲು ಹೊರಟವರಿಗೆ ನಿರಾಸೆ ಕಾದಿರುತ್ತದೆ. ಒಳಗಿನ ಡಬ್ಬ ಕುಗ್ಗುವುದಿಲ್ಲವಾದ್ದರಿಂದ ಮುದ್ದೆ ಮೇಲಿನಿಂದ ಕೆಳಕ್ಕೆ ಸೀಳಿ ತಗಡಿನಿಂದ ಕಳಚುತ್ತದೆ. ನಿಯಮ ಸರಳ: ತೆಗೆಯುವ ಅಚ್ಚಿಗೆ ಮುದ್ದೆ, ಒಳಗೇ ಉಳಿಯುವ ಡಬ್ಬಕ್ಕೆ ಪಟ್ಟಿ.

ಪಟ್ಟಿಗೆ ಮೈದಾ ಅಂಟು ಬೇಕು. ನಾಲ್ಕು ಚಮಚ ಮೈದಾವನ್ನು 50 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 200 ಮಿ.ಲೀ. ನೀರಿಗೆ ಸುರಿದು, ಬಿಳಿ ಬಣ್ಣ ಮಾಸಿ ಪಾರದರ್ಶಕವಾಗುವ ತನಕ ಮೂರು ನಾಲ್ಕು ನಿಮಿಷ ತಿರುವಿ. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಜಿರಳೆ, ಹಳೆ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳ ಎರಡಕ್ಕೂ ಈ ಅಂಟು ಅಚ್ಚುಮೆಚ್ಚು; ಆರಿದ ಮೇಲೆ ಐದಾರು ಹನಿ ಲವಂಗದ ಎಣ್ಣೆ ಬೆರೆಸಿ. ಪುಸ್ತಕ ಕಟ್ಟುವವರು ಮೈದಾಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳು ಕೈ ಹಾಕುವ ಮನೆಯ ಕೆಲಸಕ್ಕೆ ಬೇಡ.

ಡಬ್ಬದ ಮೈಯನ್ನು ಸ್ಯಾಂಡ್‌ಪೇಪರ್‌ನಿಂದ ಒರಟು ಮಾಡಿ, ಮೇಲಿಂದ ಕೆಳಗೆ ದಾರ ಸುತ್ತಿ ಬಿಗಿದರೆ ಪಟ್ಟಿಗೆ ಹಿಡಿತ ಸಿಗುತ್ತದೆ. ಎರಡು ಮೂರು ಸೆಂ.ಮೀ. ಅಗಲದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಎಳೆದು ಹೆಚ್ಚಿನ ಅಂಟು ತೆಗೆದು ಹಚ್ಚಿ. ಒಂದು ಪದರ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ. ಒಂದು ಪದರ ಪತ್ರಿಕೆ, ಇನ್ನೊಂದು ಬಿಳಿ ಹಾಳೆ ಮಾಡಿದರೆ ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆ ಎಂದು ತಿಳಿಯುತ್ತದೆ. ದಿನಕ್ಕೆ ಮೂರು ಪದರ ಸಾಕು. ಎರಡು ದಿನದಲ್ಲಿ ಆರು ಪದರವಾದರೆ ಪೆನ್ನು ಇಡುವ ಡಬ್ಬಕ್ಕೆ ಧಾರಾಳ.

ಮೈ ಹದ ಮಾಡಿ ಬಣ್ಣ ಹಚ್ಚುವುದು

80 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 180. ತಿಕ್ಕುವಾಗ ಏಳುವ ಧೂಳು ನುಣ್ಣನೆಯ ನಾರು, ಹೊರಗೆ ಕೂತು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸೀಮೆಸುಣ್ಣದ ಪುಡಿ ನಾಲ್ಕು ಚಮಚ, ಫೆವಿಕಾಲ್ ಒಂದು ಚಮಚ, ನೀರು ಎರಡು ಚಮಚ ಕಲಸಿ ಎರಡು ಸಲ ಬಳಿದರೆ ಸಣ್ಣ ಗುಳಿಗಳು ತುಂಬಿ ಬಣ್ಣಕ್ಕೆ ನೆಲ ಸಿದ್ಧ. ಫೆವಿಕಾಲ್ ಹೆಚ್ಚಾದರೆ ಮೈ ರಬ್ಬರಿನಂತಾಗಿ ಸ್ಯಾಂಡ್‌ಪೇಪರ್ ಓಡುವುದಿಲ್ಲ. ಕಡಿಮೆಯಾದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ.

ಅಲಂಕಾರಕ್ಕೆ ಮಾದರಿ ಹುಡುಕುವವರು ಮಲೆನಾಡಿನ ದೀವರ ಹಸೆ ಚಿತ್ತಾರವನ್ನು ನೋಡಬೇಕು. ಭೂಮಿ ಹುಣ್ಣಿಮೆಗೆ ಅವರ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಗೆರೆ ಎಳೆಯುತ್ತಾರೆ. ಭೂಮಣ್ಣಿ ಬುಟ್ಟಿ ಎನ್ನುವುದು ಅದಕ್ಕೇ. ಕಾಗದದ ಬುಟ್ಟಿಯ ತುಸು ಒರಟು ಮೈಗೆ ಆ ಕೆಂಪು ನೆಲ, ಬಿಳಿ ಗೆರೆ ಬಹಳ ಒಪ್ಪುತ್ತದೆ. ಸೋಸಿದ ಕೆಮ್ಮಣ್ಣಿಗೆ ಫೆವಿಕಾಲ್ ನೀರು ಬೆರೆಸಿ ಬಳಿಯಿರಿ. ಬಿಳಿಗೆ ಅಕ್ಕಿ ಹಿಟ್ಟಿನ ಬದಲು ಅಕ್ರಿಲಿಕ್ ಬಣ್ಣ ಹಾಕಿದರೆ ಇರುವೆ, ಜಿರಳೆಯ ಕಾಟವಿಲ್ಲ.

ವಾರ್ನಿಷ್ ಕೊನೆಗೆ, ತೂಕ ನಿಂತ ಬುಟ್ಟಿಗೆ ಮಾತ್ರ, ತೆಳುವಾಗಿ ಎರಡು ಸಲ, ಒಳಗೂ ಹೊರಗೂ ತಳಕ್ಕೂ. ಒಳಗೆ ತೇವ ಉಳಿದಿರುವಾಗ ಹಚ್ಚಿದರೆ ಅದು ಹೊರಗೆ ಹೋಗಲು ದಾರಿಯಿಲ್ಲದೆ ಗುಳ್ಳೆ ಏಳುತ್ತದೆ. ವಾರ್ನಿಷ್ ಹಚ್ಚಿದ ಬುಟ್ಟಿಯೂ ತೊಳೆಯುವ ಪಾತ್ರೆಯಲ್ಲ, ಒದ್ದೆ ಬಟ್ಟೆಯಿಂದ ಒರೆಸಬಹುದು ಅಷ್ಟೇ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಒಂದು ದಿನ ಬಿಸಿಲಿಗಿಡಿ.

ಮುದ್ದೆ ಮಿಕ್ಕಿದ್ದರೆ ಫ್ರಿಜ್ಜಿನಲ್ಲಿಟ್ಟು ಕೊಳೆಸಬೇಡಿ. ಮೆಂತ್ಯ ಕಲಸುವ ಮೊದಲೇ ಎತ್ತಿಟ್ಟ ಮುದ್ದೆಯನ್ನು ಸಣ್ಣ ಬಿಲ್ಲೆಗಳಾಗಿ ತಟ್ಟಿ ಗರಿಗರಿಯಾಗಿ ಒಣಗಿಸಿ, ಎಷ್ಟು ಗ್ರಾಂ ಎಂದು ಚೀಟಿ ಬರೆದು ಡಬ್ಬಕ್ಕೆ ಹಾಕಿ. ಮುಂದಿನ ಬೇಸಿಗೆಯಲ್ಲಿ ಒಂದು ರಾತ್ರಿ ನೆನೆಸಿ ಕೈಯಿಂದ ಕಿವುಚಿದರೆ ಮತ್ತೆ ಬಳಸಬಹುದು.